ನೀರಿನಿಂದ ಎತ್ತಿದವರ ಹೊಟ್ಟೆ ಒತ್ತಬೇಡಿ, ಉಸಿರು ಕೊಡಿ: ದಡದಿಂದ ಆಸ್ಪತ್ರೆಯವರೆಗೆ ಮಾಡಬೇಕಾದ್ದು, ಕ್ರಮವಾಗಿ

ಮಳೆಗಾಲ ಶುರುವಾಗುವ ಮೊದಲು ಉಡುಪಿ ಸುತ್ತಮುತ್ತ ಯುವಕ ಮಂಡಲ, ಭಜನಾ ಮಂಡಳಿ, ಶಾಲೆಗಳಲ್ಲಿ ಪ್ರಥಮ ಚಿಕಿತ್ಸೆಯ ಅಭ್ಯಾಸ ಮಾಡಿಸುತ್ತೇನೆ. ಬೊಂಬೆಯ ಎದೆ ಒತ್ತುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಆದರೆ "ಈ ಬೊಂಬೆಯನ್ನು ಈಗಷ್ಟೇ ತೋಟದ ಕೆರೆಯಿಂದ ಎತ್ತಿದ್ದೀರಿ, ಮೊದಲು ಏನು ಮಾಡ್ತೀರಿ?" ಎಂದು ಕೇಳಿದರೆ ಹೆಚ್ಚಿನವರ ಕೈ ಸೀದಾ ಹೊಟ್ಟೆಗೆ ಹೋಗುತ್ತದೆ. ಪ್ರತಿ ವರ್ಷ ಇದೇ ಕಥೆ. ಕಳೆದ ಸಲ ಕಲಿತವರೇ ಈ ಸಲ ಮತ್ತೆ ಹೊಟ್ಟೆ ಒತ್ತುತ್ತಾರೆ.

ನಮ್ಮ ಬಂಧುಗಳ ಮನೆಯಲ್ಲೇ ಹೀಗಾಗಿತ್ತು. ಆರು ವರ್ಷದ ಹುಡುಗ ತೋಟದ ಟ್ಯಾಂಕಿಗೆ ಬಿದ್ದ. ಬೇಗನೇ ಎತ್ತಿದರು. ಆಮೇಲೆ ದೊಡ್ಡವರೆಲ್ಲ ಸೇರಿ "ನೀರ್ ದೆಪ್ಪುಲೆ, ನೀರ್ ದೆಪ್ಪುಲೆ" (ತುಳುವಿನಲ್ಲಿ, ನೀರು ತೆಗೆಯಿರಿ) ಅಂತ ಕೂಗುತ್ತಾ ಅವನನ್ನು ಕಾಲು ಹಿಡಿದು ತಲೆಕೆಳಗೆ ಮಾಡಿದರು, ಬೆನ್ನಿಗೆ ಬಡಿದರು, ಕೊಡಪಾನದ ಮೇಲೆ ಬೋರಲು ಮಲಗಿಸಿದರು. ಪಕ್ಕದ ಮನೆಯ ನರ್ಸ್ ಅಕ್ಕ ಓಡಿ ಬಂದು ಅವನನ್ನು ಕಿತ್ತುಕೊಂಡು ನೆಲದ ಮೇಲೆ ಅಂಗಾತ ಮಲಗಿಸಿ ಬಾಯಿಗೆ ಬಾಯಿ ಇಟ್ಟು ಊದಿದಳು. ಹುಡುಗ ಉಳಿದ. ಅಲ್ಲಿದ್ದ ಯಾರಿಗೂ ಪ್ರೀತಿ ಕಡಿಮೆ ಇರಲಿಲ್ಲ, ಕ್ರಮ ಮಾತ್ರ ಗೊತ್ತಿರಲಿಲ್ಲ. ಹಾಗಾಗಿ ಇಲ್ಲಿ ಕ್ರಮವನ್ನೇ ಬರೆಯುತ್ತಿದ್ದೇನೆ.

ನೀರಿನಲ್ಲಿ ಮುಳುಗಿದವರಿಗೆ ಕೊರತೆಯಾಗುವುದು ಆಮ್ಲಜನಕ. ಶ್ವಾಸಕೋಶಕ್ಕೆ ಹೋಗುವ ನೀರು ಸಾಮಾನ್ಯವಾಗಿ ಸ್ವಲ್ಪವೇ, ಅದನ್ನು ಹೊಟ್ಟೆ ಒತ್ತಿ ಹೊರಗೆ ತೆಗೆಯಲು ಆಗುವುದೂ ಇಲ್ಲ. ಹೊಟ್ಟೆ ಒತ್ತಿದಾಗ ಬರುವುದು ಹೊಟ್ಟೆಯಲ್ಲಿದ್ದ ನೀರು ಮತ್ತು ಅನ್ನ. ಅದು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಇಳಿದರೆ ಇದ್ದ ದಾರಿಯೂ ಮುಚ್ಚುತ್ತದೆ. ಉಸಿರಿಲ್ಲದೆ ನಾಲ್ಕರಿಂದ ಆರು ನಿಮಿಷ ಕಳೆದರೆ ಮೆದುಳಿಗೆ ಹಾನಿ ಶುರುವಾಗುತ್ತದೆ.

1. ಮೊದಲೇ ತಯಾರಿರಬೇಕಾದ ಸಾಮಾನು

ದುಬಾರಿಯದ್ದು ಏನೂ ಬೇಡ. ಬಾವಿ, ಕೆರೆ, ಮದಗ ಹತ್ತಿರವಿರುವ ಮನೆಯಲ್ಲಿ ಇಷ್ಟು ಇರಲಿ.

ತೇಲುವ ಹಗ್ಗ. ನೈಲಾನ್ ಹಗ್ಗ ನೀರಿನಲ್ಲಿ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಎನ್ನುವ ಪ್ಲಾಸ್ಟಿಕ್ ಹಗ್ಗ ತೇಲುತ್ತದೆ. ಮಲ್ಪೆ ಬಂದರು, ಮಂಗಳೂರು ದಕ್ಕೆ (ಮೀನುಗಾರಿಕೆ ಬಂದರು) ಹತ್ತಿರ ಬಲೆ ಸಾಮಾನು ಮಾರುವ ಅಂಗಡಿಯಲ್ಲಿ "ತೇಲುವ ಹಗ್ಗ ಕೊಡಿ" ಎಂದು ಕೇಳಿ. ಕೆರೆಗಾದರೆ ಹದಿನೈದು ಮೀಟರ್ ಸಾಕು. ಬಾವಿಗಾದರೆ ಆಳಕ್ಕಿಂತ ನಾಲ್ಕೈದು ಮೀಟರ್ ಜಾಸ್ತಿ ಇರಲಿ. ತುದಿಯಲ್ಲಿ ಒಂದು ದೊಡ್ಡ ಕುಣಿಕೆ ಹಾಕಿಡಿ.

ತೇಲುವ ವಸ್ತು. ಮುಚ್ಚಳ ಭದ್ರವಾಗಿರುವ 20 ಲೀಟರ್ ಕ್ಯಾನ್ ದೊಡ್ಡವರನ್ನೂ ತೇಲಿಸುತ್ತದೆ. ಖಾಲಿ ಕ್ಯಾನ್ ಗಾಳಿಗೆ ದೂರ ಹೋಗುವುದಿಲ್ಲ, ಒಂದು ಚೊಂಬು ನೀರು ಹಾಕಿ ಮುಚ್ಚಳ ಬಿಗಿ ಮಾಡಿ ಹಗ್ಗಕ್ಕೆ ಕಟ್ಟಿಡಿ, ಆಗ ಎಸೆಯಬಹುದು. ನಾವು ಸಣ್ಣವರಿದ್ದಾಗ ಈಜು ಕಲಿಯುತ್ತಿದ್ದ, ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಜೋಡಿಸಿ ಕಟ್ಟಿದ ಆಸರೆ ಮಕ್ಕಳಿಗೆ ಈಗಲೂ ಆಗುತ್ತದೆ. ಬರೀ ಅದನ್ನೇ ನಂಬಿ ದೊಡ್ಡವರು ನೀರಿಗಿಳಿಯಬಾರದು.

ಉದ್ದದ ದೋಟಿ. ಮಾವಿನಕಾಯಿ ಕೊಯ್ಯುವ ದೋಟಿ ಆದೀತು, ಆದರೆ ಕತ್ತಿ ಕಟ್ಟಿದ್ದರೆ ಅದನ್ನು ಬಿಚ್ಚಿ.

ಇದೆಲ್ಲ ನೀರಿನ ಹತ್ತಿರವೇ ಇರಬೇಕು. ಅಟ್ಟದಲ್ಲಿಟ್ಟ ಹಗ್ಗದಿಂದ ಆ ಹೊತ್ತಿಗೆ ಪ್ರಯೋಜನವಿಲ್ಲ.

2. ಮುಳುಗುತ್ತಿರುವುದನ್ನು ಗುರುತಿಸುವುದು

ಮುಳುಗುವವರು ಕೈ ಬೀಸಿ "ಕಾಪಾಡಿ" ಎಂದು ಕೂಗುತ್ತಾರೆ ಅಂದುಕೊಂಡಿದ್ದೇವೆ. ಕೂಗಲು ಉಸಿರು ಬೇಕು ಅಲ್ವಾ? ಹೆಚ್ಚಾಗಿ ಸದ್ದೇ ಇರುವುದಿಲ್ಲ.

ಇದನ್ನು ನೋಡಿ: ತಲೆ ಹಿಂದಕ್ಕೆ ವಾಲಿದೆ, ಬಾಯಿ ನೀರಿನ ಮಟ್ಟದಲ್ಲಿ ಮುಳುಗುತ್ತಾ ಏಳುತ್ತಾ ಇದೆ. ದೇಹ ನೀರಿನಲ್ಲಿ ನೆಟ್ಟಗೆ ನಿಂತಿದೆ, ಕಾಲು ಬಡಿಯುತ್ತಿಲ್ಲ. ಕೈಗಳು ಎರಡೂ ಪಕ್ಕದಲ್ಲಿ ನೀರನ್ನು ಕೆಳಕ್ಕೆ ಒತ್ತುತ್ತಿವೆ. ಕೂದಲು ಮುಖದ ಮೇಲೆ ಬಿದ್ದರೂ ಸರಿಸುತ್ತಿಲ್ಲ. ಕರೆದರೆ ಉತ್ತರವಿಲ್ಲ. ಈ ಸ್ಥಿತಿಯಲ್ಲಿ ಒಂದು ನಿಮಿಷದೊಳಗೆ ಪೂರ್ತಿ ಮುಳುಗಬಹುದು. ಮಕ್ಕಳು ನೀರಿನಲ್ಲಿ ಆಡುತ್ತಾ ಇದ್ದಕ್ಕಿದ್ದಂತೆ ಸುಮ್ಮನಾದರೆ ತಕ್ಷಣ ನೋಡಿ.

3. ನೀವು ಮುಳುಗದೆ ಅವರನ್ನು ತರುವುದು

ಮಳೆಗಾಲದಲ್ಲಿ ಪತ್ರಿಕೆ ಓದುವವರಿಗೆ ಗೊತ್ತು, ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಹೋದರು ಅನ್ನುವ ಸುದ್ದಿ ಎಷ್ಟು ಸಲ ಬರುತ್ತದೆ ಅಂತ. ಮುಳುಗುವವರು ಸಿಕ್ಕಿದ್ದನ್ನು ಹಿಡಿದು ಮೇಲೆ ಹತ್ತಲು ನೋಡುತ್ತಾರೆ. ಆ ಹೊತ್ತಿಗೆ ಸಿಕ್ಕಿದ್ದು ನೀವಾದರೆ ನಿಮ್ಮನ್ನೇ ಕೆಳಗೆ ಒತ್ತುತ್ತಾರೆ. ಒಳ್ಳೆಯ ಈಜುಗಾರರೂ ಹೀಗೆ ಹೋಗಿದ್ದಾರೆ.

ಕ್ರಮ ಹೀಗೆ. ಮೊದಲು ದಡದಿಂದಲೇ ಮಾತಾಡಿಸಿ, ಜೋರಾಗಿ, ಸಣ್ಣ ಮಾತಿನಲ್ಲಿ: "ಇಲ್ಲಿ ನೋಡು! ಕಾಲು ಬಡಿ!" ಹತ್ತಿರವಿದ್ದರೆ ಬೋರಲು ಮಲಗಿ ದೋಟಿ, ಸೀರೆ, ಮುಂಡು, ಮರದ ಕೊಂಬೆ ಏನಾದರೂ ಚಾಚಿ. ನಿಂತುಕೊಂಡು ಚಾಚಿದರೆ ಅವರು ಎಳೆದ ರಭಸಕ್ಕೆ ನೀವು ಒಳಗೆ ಬೀಳುತ್ತೀರಿ. ಸಾಧ್ಯವಾದರೆ ಇನ್ನೊಬ್ಬರು ನಿಮ್ಮ ಕಾಲು ಹಿಡಿದುಕೊಳ್ಳಲಿ. ದೂರವಿದ್ದರೆ ಹಗ್ಗ ಕಟ್ಟಿದ ಕ್ಯಾನ್ ಎಸೆಯಿರಿ. ಅವರ ತಲೆಗೆ ಗುರಿ ಇಡಬೇಡಿ, ತಲೆಯಿಂದಾಚೆಗೆ ಎಸೆದು ಹಗ್ಗ ಅವರ ಭುಜದ ಮೇಲೆ ಬರುವಂತೆ ಎಳೆಯಿರಿ. ದೋಣಿ ಇದ್ದರೆ ದೋಣಿ. ತರಬೇತಿ ಇಲ್ಲದವರು ನೀರಿಗೆ ಹಾರಬೇಡಿ.

ಕಡಲಿನಲ್ಲಿ. ಮಲ್ಪೆ, ಪಣಂಬೂರು, ಕಾಪು, ಮರವಂತೆ, ಎಲ್ಲಾ ಕಡೆ ಅಪಾಯ ತರುವುದು ದಡದಿಂದ ಒಳಕ್ಕೆ ಹರಿಯುವ ಸೆಳೆತ. ಎರಡೂ ಪಕ್ಕ ಅಲೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಾಣುತ್ತದೆ, ಅಲ್ಲಿ ನೊರೆಯೂ ಕಸವೂ ಒಳಕ್ಕೆ ಹೋಗುತ್ತಿರುತ್ತದೆ. ಹೊಸಬರು ಅಲೆ ಕಡಿಮೆ ಇದೆ ಎಂದು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ತೇಲಿಕೊಂಡು ಕೈ ಎತ್ತಿ ತೋರಿಸಬೇಕು, ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ಬರಬೇಕು. ದಡದಲ್ಲಿರುವವರು ಒಬ್ಬರು ಜೀವರಕ್ಷಕರನ್ನು ಕರೆಯಲು ಓಡಿ, ಒಬ್ಬರು ಮುಳುಗುವವರ ಮೇಲಿಂದ ಕಣ್ಣು ತೆಗೆಯದೆ ಬೆರಳು ತೋರಿಸುತ್ತಾ ನಿಲ್ಲಿ. ಅಲೆಯ ನಡುವೆ ಒಮ್ಮೆ ಕಣ್ಣು ತಪ್ಪಿದರೆ ಮತ್ತೆ ಹುಡುಕುವುದು ಬಹಳ ಕಷ್ಟ.

ಬಾವಿಯಲ್ಲಿ. ಪಂಪ್ ಇದ್ದರೆ ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ನೀರಿನಲ್ಲಿ ಕರೆಂಟ್ ಇದ್ದರೆ ಇಳಿದವರೂ ಹೋಗುತ್ತಾರೆ. ಹಗ್ಗವನ್ನು ಮರಕ್ಕೋ ಗಟ್ಟಿ ಕಂಬಕ್ಕೋ ಕಟ್ಟಿ, ರಾಟೆಯ ಮರವನ್ನು ನಂಬಬೇಡಿ. ಕುಣಿಕೆ, ಟೈರು ಅಥವಾ ಹಗ್ಗ ಕಟ್ಟಿದ ಕುರ್ಚಿ ಇಳಿಸಿ, ಅವರು ಹಿಡಿದು ತೇಲಿಕೊಂಡಿರಲಿ. ಅಗ್ನಿಶಾಮಕದವರು ಬಂದು ಎತ್ತುತ್ತಾರೆ. ಬಳಸದ ಹಳೆ ಬಾವಿಗಂತೂ ಇಳಿಯಲೇಬೇಡಿ. ತಳದಲ್ಲಿ ಆಮ್ಲಜನಕ ಇಲ್ಲದಿದ್ದರೆ ಇಳಿದವರು ಅಲ್ಲೇ ಪ್ರಜ್ಞೆ ತಪ್ಪುತ್ತಾರೆ.

ಕಿಂಡಿ ಅಣೆಕಟ್ಟು ಮತ್ತು ಕೆಂಪು ಕಲ್ಲಿನ ಕೋರೆ. ಕಿಂಡಿ ಅಣೆಕಟ್ಟು ಅಂದರೆ ಹೊಳೆಗೆ ಅಡ್ಡ ಕಿಂಡಿ ಬಿಟ್ಟು ಕಟ್ಟಿ, ನೀರು ನಿಲ್ಲಿಸಲು ಕಿಂಡಿಗೆ ಹಲಗೆ ಹಾಕುವ ಸಣ್ಣ ಕಟ್ಟೆ. ಹಲಗೆ ಹಾಕಿದ ಅಣೆಕಟ್ಟಿನ ಹಿಂದೆ ನೀರು ಕಾಣುವುದಕ್ಕಿಂತ ಆಳ, ಕಿಂಡಿಯ ಹತ್ತಿರ ಎಳೆತ ಜೋರು. ಕೋರೆಯ ಗೋಡೆ ನೇರವಾಗಿ ಇಳಿದಿರುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಎರಡೂ ಕಡೆ ಹಗ್ಗವಿಲ್ಲದೆ ಯಾರೂ ಇಳಿಯಬಾರದು.

4. ಫೋನು

ಇಬ್ಬರಿದ್ದರೆ ಒಬ್ಬರು ಎತ್ತುವ ಕೆಲಸದಲ್ಲಿರುವಾಗಲೇ ಇನ್ನೊಬ್ಬರು ಕರೆ ಮಾಡಬೇಕು. 112 ಒಂದೇ ನಂಬರಿನಲ್ಲಿ ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಮೂರೂ ಸಿಗುತ್ತದೆ. ಆಂಬ್ಯುಲೆನ್ಸಿಗೆ 108. ಕಡಲಿನಲ್ಲಾದರೆ ಕರಾವಳಿ ಕಾವಲು ಪೊಲೀಸರ 1093 ಕೂಡ ಇದೆ.

ಒಬ್ಬರೇ ಇದ್ದರೆ ಸ್ಪೀಕರ್ ಹಾಕಿ ಫೋನನ್ನು ಪಕ್ಕದಲ್ಲಿಟ್ಟು ಕೆಲಸ ಶುರು ಮಾಡಿ. ಫೋನೇ ಇಲ್ಲದಿದ್ದರೆ ಮೊದಲು ಎರಡು ನಿಮಿಷ ಉಸಿರು ಮತ್ತು ಎದೆ ಒತ್ತುವುದು ಮಾಡಿ, ಆಮೇಲೆ ಸಹಾಯಕ್ಕೆ ಓಡಿ.

ನಮ್ಮ ಕಡೆ ಎಷ್ಟೋ ಸಲ ಆಂಬ್ಯುಲೆನ್ಸ್ ತಡವಾಗುವುದು ಮನೆ ಸಿಗದೆ. ತೋಟದ ಒಳಗಿನ ಮನೆ, ಒಂದೇ ಹೆಸರಿನ ಎರಡು ದೈವಸ್ಥಾನ, ಕವಲು ಕವಲಾದ ಕಾಂಕ್ರೀಟ್ ರಸ್ತೆ. ಹತ್ತಿರದ ಬಸ್ ಸ್ಟಾಪ್, ಶಾಲೆ ಹೇಳಿ. ಒಬ್ಬ ಹುಡುಗನನ್ನು ಬೈಕಿನಲ್ಲಿ ಮುಖ್ಯ ರಸ್ತೆಗೆ ಕಳಿಸಿ. ರಾತ್ರಿಯಾದರೆ ಅಂಗಳದ, ಗೇಟಿನ ಲೈಟು ಎಲ್ಲಾ ಹಾಕಿ.

5. ದಡಕ್ಕೆ ಬಂದ ಮೇಲಿನ ಮೊದಲ ಹತ್ತು ಸೆಕೆಂಡು

ಗಟ್ಟಿ ನೆಲದಲ್ಲಿ ಅಂಗಾತ ಮಲಗಿಸಿ. ಬೀಚಿನ ಇಳಿಜಾರಿನಲ್ಲಿ ತಲೆಯೂ ಕಾಲೂ ಒಂದೇ ಮಟ್ಟದಲ್ಲಿರುವಂತೆ, ಅಂದರೆ ನೀರಿನ ಅಂಚಿಗೆ ಸಮಾನಾಂತರವಾಗಿ ಮಲಗಿಸಬೇಕು. ನೀರು ಇಳಿಯಲಿ ಎಂದು ತಲೆ ಕೆಳಗೆ ಮಾಡಬೇಡಿ.

ಎರಡೂ ಭುಜ ತಟ್ಟಿ ಜೋರಾಗಿ ಕರೆಯಿರಿ. ಉತ್ತರವಿಲ್ಲದಿದ್ದರೆ ಒಂದು ಕೈ ಹಣೆಯ ಮೇಲಿಟ್ಟು, ಇನ್ನೊಂದು ಕೈಯ ಎರಡು ಬೆರಳಿನಿಂದ ಗದ್ದ ಎತ್ತಿ ತಲೆಯನ್ನು ಹಿಂದಕ್ಕೆ ವಾಲಿಸಿ. ಎದೆ ಏರಿಳಿಯುತ್ತಿದೆಯೇ ನೋಡಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ. ನಾಡಿ ಹುಡುಕುತ್ತಾ ಕೂರಬೇಡಿ, ಗಾಬರಿಯಲ್ಲಿ ನಿಮ್ಮ ನಾಡಿಯೇ ಬೆರಳಿಗೆ ಸಿಗುತ್ತದೆ.

ಇಲ್ಲಿ ತುಂಬ ಜನ ಮೋಸ ಹೋಗುವ ಒಂದು ಲಕ್ಷಣ ಇದೆ. ಮೀನನ್ನು ನೀರಿನಿಂದ ತೆಗೆದಾಗ ಬಾಯಿ ತೆರೆದು ಮುಚ್ಚುವ ಹಾಗೆ, ಅಪರೂಪಕ್ಕೊಮ್ಮೆ ಬಾಯಿ ತೆರೆದು ಗೊರ್ ಎಂದು ಎಳೆಯುವುದು. ಅದು ಉಸಿರಾಟ ಅಲ್ಲ. "ಜೀವ ಇದೆ, ಉಸಿರಾಡ್ತಿದ್ದಾನೆ" ಎಂದು ಬಿಡಬೇಡಿ. ಉಸಿರಿಲ್ಲ ಎಂದೇ ತಿಳಿದು ಮುಂದಿನ ಹಂತಕ್ಕೆ ಹೋಗಿ.

ಸೇತುವೆಯಿಂದಲೋ ಬಂಡೆಯಿಂದಲೋ ತಲೆ ಮೊದಲಾಗಿ ಹಾರಿದವರಾದರೆ ಕುತ್ತಿಗೆಗೆ ಪೆಟ್ಟಾಗಿರಬಹುದು, ಕುತ್ತಿಗೆ ತಿರುಚದಂತೆ ಎತ್ತಿ. ಆದರೂ ಉಸಿರು ಕೊಡುವುದನ್ನು ಆ ಹೆದರಿಕೆಗೆ ತಡ ಮಾಡಬೇಡಿ.

6. ಮೊದಲು ಉಸಿರು

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಕಲಿಸುವ ಕೋಲ್ಸ್ ಎಂಬ ಪದ್ಧತಿಯಲ್ಲಿ ಬರೀ ಎದೆ ಒತ್ತುವುದಿದೆ. ನಡೆದು ಹೋಗುತ್ತಿದ್ದ ದೊಡ್ಡವರು ಹೃದಯ ನಿಂತು ಕುಸಿದಾಗ ಅದು ಸರಿ, ಯಾಕೆಂದರೆ ಅವರ ರಕ್ತದಲ್ಲಿ ಇನ್ನೂ ಆಮ್ಲಜನಕ ಇರುತ್ತದೆ, ಅದನ್ನು ಓಡಿಸಿದರೆ ಸಾಕು. ಮುಳುಗಿದವರಲ್ಲಿ ಆಮ್ಲಜನಕ ಮುಗಿದದ್ದರಿಂದಲೇ ಹೃದಯ ನಿಂತಿದೆ. ಖಾಲಿ ರಕ್ತವನ್ನು ಎಷ್ಟು ಓಡಿಸಿದರೂ ಸಾಕಾಗುವುದಿಲ್ಲ. ಹಾಗಾಗಿ ಇಲ್ಲಿ ಶುರು ಮಾಡುವುದು ಉಸಿರಿನಿಂದ.

ತಲೆ ಹಿಂದಕ್ಕೆ, ಗದ್ದ ಮೇಲಕ್ಕೆ. ಮೂಗನ್ನು ಬೆರಳಿನಿಂದ ಮುಚ್ಚಿ. ನಿಮ್ಮ ಬಾಯಿಂದ ಅವರ ಬಾಯಿಯನ್ನು ಪೂರ್ತಿ ಮುಚ್ಚಿ ಒಂದು ಸೆಕೆಂಡ್ ಊದಿ. ಕಣ್ಣು ಅವರ ಎದೆಯ ಮೇಲಿರಲಿ. ಎದೆ ಮೇಲೆ ಬಂತಾ? ಬಾಯಿ ತೆಗೆಯಿರಿ, ಇಳಿಯಲು ಬಿಡಿ, ಮತ್ತೆ ಊದಿ. ಕೆಲವು ತರಬೇತಿಗಳಲ್ಲಿ ಮೊದಲು 2 ಉಸಿರು ಎನ್ನುತ್ತಾರೆ, ಕೆಲವದರಲ್ಲಿ 5. ನೀವು ಕಲಿತದ್ದನ್ನು ಮಾಡಿ, ಲೆಕ್ಕದ ಗೊಂದಲದಲ್ಲಿ ನಿಲ್ಲಬೇಡಿ.

ಎದೆ ಏಳದಿದ್ದರೆ ಹೆಚ್ಚಾಗಿ ತಪ್ಪು ತಲೆಯ ಕೋನದಲ್ಲಿ. ಮತ್ತೊಮ್ಮೆ ವಾಲಿಸಿ ಊದಿ. ಎರಡನೇ ತಪ್ಪು ಮೂಗು ಮುಚ್ಚಲು ಮರೆಯುವುದು. ಮೂರನೆಯದು ಬಲೂನಿಗೆ ಊದಿದ ಹಾಗೆ ಜೋರಾಗಿ ಊದುವುದು. ಜೋರಾಗಿ ಊದಿದ ಗಾಳಿ ಹೊಟ್ಟೆಗೆ ಹೋಗಿ ವಾಂತಿ ತರಿಸುತ್ತದೆ.

ಒಂದು ವರ್ಷದೊಳಗಿನ ಮಗುವಾದರೆ ತಲೆ ಹಿಂದಕ್ಕೆ ವಾಲಿಸಬೇಡಿ, ನೇರವಾಗಿರಲಿ. ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ಕೆನ್ನೆಯಲ್ಲಿರುವಷ್ಟೇ ಗಾಳಿ ಊದಿ.

ಬಾಯಿಂದ ಬಿಳಿ ನೊರೆ ಬರುತ್ತದೆ. ಎಷ್ಟು ಒರೆಸಿದರೂ ಮತ್ತೆ ಬರುತ್ತದೆ, ಅದನ್ನು ಒರೆಸುತ್ತಾ ಕೂರಬೇಡಿ, ನೊರೆಯ ಮೇಲೆಯೇ ಊದಿ. ಆದರೆ ವಾಂತಿ ಬಂದರೆ ಇಡೀ ದೇಹವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಬೆರಳಿಗೆ ಬಟ್ಟೆ ಸುತ್ತಿ ಬಾಯಿ ಸ್ವಚ್ಛ ಮಾಡಿ, ಮತ್ತೆ ಅಂಗಾತ ಮಾಡಿ ಮುಂದುವರಿಸಿ. ಮುಳುಗಿದವರಿಗೆ ವಾಂತಿ ಬರುವುದು ತೀರಾ ಸಾಮಾನ್ಯ. ಇದಕ್ಕೆ ಮೊದಲೇ ಮನಸ್ಸು ತಯಾರಿರಲಿ, ಇಲ್ಲವಾದರೆ ಆ ಕ್ಷಣಕ್ಕೆ ಕೈ ನಿಂತುಬಿಡುತ್ತದೆ.

7. ಆಮೇಲೆ ಎದೆ ಒತ್ತುವುದು

ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈಯ ಹಿಮ್ಮಡಿ (ಮಣಿಕಟ್ಟಿನ ಹತ್ತಿರದ ಗಟ್ಟಿ ಭಾಗ) ಇಡಿ. ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸಬೇಡಿ. ನಿಮ್ಮ ಭುಜ ಅವರ ಎದೆಯ ನೇರ ಮೇಲಿರಲಿ, ಆಗ ಒತ್ತುವುದು ನಿಮ್ಮ ಮೈಭಾರ, ತೋಳು ಸೋಲುವುದಿಲ್ಲ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಿ.

30 ಸಲ ಒತ್ತಿ, 2 ಉಸಿರು ಕೊಡಿ. ಮತ್ತೆ 30, ಮತ್ತೆ 2.

ಎಣಿಕೆಯಲ್ಲಿ ಒಂದು ತೊಡಕಿದೆ, ಅಭ್ಯಾಸದಲ್ಲಿ ಪ್ರತಿ ಸಲ ಕಾಣುತ್ತದೆ. ಕನ್ನಡದಲ್ಲಿ ಹತ್ತರವರೆಗೆ ಪದಗಳು ಚಿಕ್ಕವು, ಕೈ ಸರಿಯಾದ ವೇಗದಲ್ಲಿ ಓಡುತ್ತದೆ. "ಹದಿನೇಳು, ಹದಿನೆಂಟು" ಬರುವಾಗ ಎಳೆಯುತ್ತದೆ, "ಇಪ್ಪತ್ತಮೂರು, ಇಪ್ಪತ್ತನಾಲ್ಕು" ಹೊತ್ತಿಗೆ ಕೈ ಅರ್ಧ ವೇಗಕ್ಕೆ ಇಳಿದಿರುತ್ತದೆ. ಅದಕ್ಕೆ ಒಂದರಿಂದ ಹತ್ತು ಮೂರು ಸಲ ಎಣಿಸಿ. ಇಷ್ಟು ಸಣ್ಣ ಬದಲಾವಣೆಗೆ ನಮ್ಮ ತರಬೇತಿಯಲ್ಲಿ ಎಲ್ಲರ ವೇಗ ಸರಿಹೋಗಿದೆ.

ಮಕ್ಕಳಿಗೆ ಒಂದೇ ಕೈ ಸಾಕಾಗಬಹುದು, ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳ. ಕೂಸಿಗೆ ಎರಡೂ ಕೈಯಿಂದ ಎದೆ ಸುತ್ತಿ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತಿ, ಸುಮಾರು 4 ಸೆಂಟಿಮೀಟರ್. "ಮಗು ಅಲ್ವಾ, ಮೂಳೆ ಮುರಿದರೆ?" ಎಂದು ಮೆಲ್ಲಗೆ ಸವರುವವರೇ ಜಾಸ್ತಿ. ಉಸಿರಿಲ್ಲದ ಮಗುವಿಗೆ ಮೆಲ್ಲಗೆ ಒತ್ತುವುದು ಉಪಕಾರವಲ್ಲ.

ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ. ನನಗೆ ಸುಸ್ತಿಲ್ಲ ಎಂದು ಹೇಳುವವರ ಒತ್ತು ಕೂಡ ಆ ಹೊತ್ತಿಗೆ ಆಳ ಕಳೆದುಕೊಂಡಿರುತ್ತದೆ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಸಿಕ್ಕರೆ ಎದೆಯ ನೀರು ಒರೆಸಿ ಒಣಗಿಸಿ ಪ್ಯಾಡ್ ಅಂಟಿಸಿ, ಅದು ಹೇಳಿದಂತೆ ಮಾಡಿ. ಆದರೆ ಯಂತ್ರಕ್ಕೆ ಕಾಯುತ್ತಾ ಉಸಿರು ನಿಲ್ಲಿಸಬೇಡಿ.

ಎಷ್ಟು ಹೊತ್ತು? ಅವರು ಸರಿಯಾಗಿ ಉಸಿರಾಡಲು ಶುರು ಮಾಡುವವರೆಗೆ, ಆಂಬ್ಯುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವವರೆಗೆ, ಅಥವಾ ನಿಮ್ಮಿಂದ ಇನ್ನು ಸಾಧ್ಯವೇ ಇಲ್ಲ ಎನ್ನುವವರೆಗೆ. ರಿಕ್ಷಾದ ಹಿಂದಿನ ಸೀಟಿನಲ್ಲಿ ಮುದುಡಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರೆ ಆ ದಾರಿಯುದ್ದಕ್ಕೂ ಅವರಿಗೆ ಉಸಿರಿಲ್ಲ. ಆಂಬ್ಯುಲೆನ್ಸ್ ಬರುತ್ತಿದೆ ಎಂದಾದರೆ ಇದ್ದಲ್ಲೇ ಮಾಡಿ.

8. ಉಸಿರು ಬಂದ ಮೇಲೆ

ಮಗ್ಗುಲಿಗೆ ಮಲಗಿಸಿ, ಬಾಯಿ ಸ್ವಲ್ಪ ನೆಲದ ಕಡೆ ಇರಲಿ. ಒದ್ದೆ ಬಟ್ಟೆ ತೆಗೆದು ಒಣ ಬೈರಾಸು (ಟವೆಲ್), ಹೊದಿಕೆ ಹೊದಿಸಿ. ಪಕ್ಕದಲ್ಲೇ ಕೂತು ಎದೆ ನೋಡುತ್ತಿರಿ, ಉಸಿರು ಮತ್ತೆ ನಿಲ್ಲಬಹುದು. ಕುಡಿಯಲು ನೀರು, ಕಾಫಿ, ಬ್ರಾಂದಿ ಏನೂ ಬೇಡ.

ಎದ್ದು ಕೂತು "ನನಗೇನೂ ಆಗಿಲ್ಲ, ಮನೆಗೆ ಹೋಗ್ತೇನೆ" ಎಂದರೂ ಉಸಿರು ಕೊಟ್ಟು ಎಬ್ಬಿಸಿದವರನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು. ನೀರು ಕುಡಿದು ತಾನಾಗಿಯೇ ಸುಧಾರಿಸಿಕೊಂಡವರನ್ನೂ ಎಂಟು ಗಂಟೆ ಗಮನಿಸಿ. ಬಿಡದ ಕೆಮ್ಮು, ವೇಗದ ಉಸಿರು, ಪಕ್ಕೆಲುಬಿನ ನಡುವೆ ಒಳಕ್ಕೆ ಎಳೆಯುವುದು, ಬಾಯಲ್ಲಿ ನೊರೆ, ತುಟಿ ನೀಲಿಯಾಗುವುದು, ವಿಚಿತ್ರ ಮಂಪರು, ಪದೇ ಪದೇ ವಾಂತಿ ಇವುಗಳಲ್ಲಿ ಒಂದು ಕಂಡರೂ ಹೊರಡಿ. ಬೆಳಗ್ಗೆ ನೋಡುವ ಅಂತ ಮಲಗಿಸಬೇಡಿ.

9. ಕೈಗೆ ಅಭ್ಯಾಸ ಹತ್ತಿಸುವುದು

ಓದಿ ಇದು ಬರುವುದಿಲ್ಲ. ಉಸಿರು ಕೊಡುವಾಗ ಎದೆ ಏಳುವುದು ಹೇಗಿರುತ್ತದೆ, 5 ಸೆಂಟಿಮೀಟರ್ ಎಂದರೆ ಎಷ್ಟು ಬಲ ಬೇಕು ಎನ್ನುವುದು ಬೊಂಬೆಯ ಮೇಲೆ ಮಾಡಿದಾಗಲೇ ಗೊತ್ತಾಗುವುದು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್, ಮಂಗಳೂರು ಮತ್ತು ಮಣಿಪಾಲದ ಮೆಡಿಕಲ್ ಕಾಲೇಜುಗಳಲ್ಲಿ ವಿಚಾರಿಸಿ. ಸೇರುವ ಮೊದಲು ಒಂದು ಪ್ರಶ್ನೆ ಕೇಳಿ: ಮುಳುಗಿದವರಿಗೆ ಉಸಿರು ಕೊಡುವುದನ್ನೂ ಕಲಿಸುತ್ತೀರಾ, ಬೊಂಬೆ ಎಲ್ಲರ ಕೈಗೂ ಸಿಗುತ್ತದಾ? ಭಾಷಣ ಕೇಳಿ ಸರ್ಟಿಫಿಕೇಟ್ ಹಿಡಿದುಕೊಂಡು ಬಂದವರು ಹೊಟ್ಟೆ ಒತ್ತುವುದನ್ನು ನಾನು ನೋಡಿದ್ದೇನೆ.

ಕಲಿತದ್ದು ಕೆಲವೇ ತಿಂಗಳಿಗೆ ಮಾಸುತ್ತದೆ. ನಾವು ವರ್ಷಕ್ಕೆ ಎರಡು ಸಲ ಮಾಡುತ್ತೇವೆ, ಒಮ್ಮೆ ಮೇ ಕೊನೆಗೆ, ಮಳೆಗೆ ಮೊದಲು. ಇನ್ನೊಮ್ಮೆ ಮಳೆ ಮುಗಿದು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ಹೊತ್ತಿಗೆ. ನಡುವೆ ಮನೆಯಲ್ಲಿ ಗಟ್ಟಿ ದಿಂಬಿನ ಮೇಲೆ ಮೂರು ಸಲ ಹತ್ತು ಎಣಿಸಿ ಕೈಯ ವೇಗ ನೋಡಿಕೊಳ್ಳಿ. ಹಗ್ಗ ಎಸೆಯುವುದನ್ನೂ ಮರೆಯಬೇಡಿ. ಅಂಗಳದಲ್ಲಿ ಒಂದು ಬಕೆಟ್ ಇಟ್ಟು ಹತ್ತು ಮೀಟರ್ ದೂರದಿಂದ ಕ್ಯಾನ್ ಎಸೆದು ನೋಡಿ. ಮೊದಲ ದಿನ ನಾಲ್ಕರಲ್ಲಿ ಒಂದೂ ಹತ್ತಿರ ಬೀಳುವುದಿಲ್ಲ. ಮಕ್ಕಳನ್ನೂ ಸೇರಿಸಿಕೊಳ್ಳಿ. ಅವರಿಗೆ ಕಲಿಸಬೇಕಾದ್ದು ಮೂರೇ: ಗೆಳೆಯ ಮುಳುಗಿದರೆ ಹಾರಬಾರದು, ಹಗ್ಗ ಎಸೆಯಬೇಕು, ಬೈಗುಳಕ್ಕೆ ಹೆದರಿ ಸುಮ್ಮನಿರದೆ ಕಿರುಚಿಕೊಂಡು ದೊಡ್ಡವರ ಹತ್ತಿರ ಓಡಬೇಕು. ಮನೆಯವರು ಹೊಡೆಯುತ್ತಾರೆಂದು ಮಕ್ಕಳು ವಿಷಯ ಮುಚ್ಚಿಟ್ಟು ಸಮಯ ಹೋದದ್ದಿದೆ. ನೀರಿಗೆ ಹೋಗಿದ್ದಕ್ಕೆ ಆ ದಿನ ಬೈಯುವುದಿಲ್ಲ ಎಂದು ಅವರಿಗೆ ಮೊದಲೇ ಮಾತು ಕೊಟ್ಟಿರಿ.